ಮಿಲಾನಿನ ವೇದಿಕೆ, ಅಥಣಿಯ ಚಪ್ಪಲಿ

2025ನೆಯ ಇಸವಿಯ ಜೂನ್ ತಿಂಗಳ 22ರಂದು ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಸಂಸ್ಥೆಯವರು ಮರುವರ್ಷದ ವಸಂತ-ಗ್ರೀಷ್ಮಗಳಿಗಾಗಿ ಸಿದ್ಧಪಡಿಸಿದ್ದ ಪುರುಷರ ಉಡುಪುಗಳನ್ನು ಪ್ರದರ್ಶಿಸಿದರು. ಇಂಥ ಪ್ರದರ್ಶನಗಳ ಸುದ್ದಿ ಸಾಮಾನ್ಯವಾಗಿ ಆ ವ್ಯಾಪಾರದವರ ಮತ್ತು ಆ ಅಭಿರುಚಿಯುಳ್ಳವರ ವಲಯವನ್ನು ದಾಟಿ ಹೊರಬರುವುದಿಲ್ಲ. ಬಂದರೂ ಪತ್ರಿಕೆಯ ಪುರವಣಿಯಲ್ಲಿ ಎರಡು ಬಣ್ಣದ ಚಿತ್ರಗಳಾಗಿ ಮುಗಿದುಹೋಗುತ್ತದೆ. ಈ ಸಲ ಹಾಗಾಗಲಿಲ್ಲ. ವೇದಿಕೆಯ ಮೇಲೆ ನಡೆದುಬಂದ ತರುಣರಲ್ಲಿ ಕೆಲವರು ಮೆಟ್ಟಿದ್ದ ತೊಗಲಿನ ಪಾದರಕ್ಷೆಗಳ ದೆಸೆಯಿಂದ ಮಾತು ಕೊಲ್ಹಾಪುರದ ಪೇಟೆಯಲ್ಲಿ ಹುಟ್ಟಿ, ಮಹಾರಾಷ್ಟ್ರದ ಮುಖ್ಯಮಂತ್ರಿಗಳ ಕಚೇರಿಯನ್ನು ಮುಟ್ಟಿ, ಬೆಂಗಳೂರಿನಲ್ಲಿ ಪ್ರತಿಧ್ವನಿ ಪಡೆದು, ಕಡೆಗೆ ಮುಂಬಯಿಯ ಉಚ್ಚ ನ್ಯಾಯಾಲಯದ ಬಾಗಿಲನ್ನೂ ತಟ್ಟಿತು. ಆ ಮಾತುಗಳನ್ನೆಲ್ಲ ಒಂದೆಡೆ ಕೂಡಿಸಿ, ಅವುಗಳಲ್ಲಿ ನ್ಯಾಯವಾದುದೆಷ್ಟು, ಆವೇಶದಿಂದ ಹೊರಟುದೆಷ್ಟು, ಆಡಬೇಕಾಗಿದ್ದೂ ಆಡದೆ ಉಳಿದುದೇನು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಪ್ರದರ್ಶನದ ಸಂಗತಿಯನ್ನೇ ನೋಡಬಹುದು. ಪ್ರಾಡಾ ಮನೆತನದ ಮೂಲ ವೃತ್ತಿಯೂ ತೊಗಲಿನದೇ. 1913ರಲ್ಲಿ ಮಾರಿಯೊ ಪ್ರಾಡಾ ಎಂಬಾತನು ಮಿಲಾನಿನ ಪ್ರಸಿದ್ಧವಾದ ವಿತ್ತೋರಿಯೊ ಇಮಾನ್ಯುಯೆಲ್ ಗ್ಯಾಲರಿಯಲ್ಲಿ ಚರ್ಮದ ಪೆಟ್ಟಿಗೆ, ಚೀಲಗಳ ಅಂಗಡಿಯನ್ನು ತೆರೆದನು. ಅವನ ಮೊಮ್ಮಗಳು ಮ್ಯೂಚಾ ಪ್ರಾಡಾ ಅದನ್ನು ಜಗದ್ವಿಖ್ಯಾತವಾದ ಉಡುಪಿನ ಸಂಸ್ಥೆಯಾಗಿ ಬೆಳೆಸಿದರು. 2020ರಿಂದ ಈಚೆಗೆ ಬೆಲ್ಜಿಯಮ್ ದೇಶದ ರಾಫ್ ಸಿಮನ್ಸ್ ಅವರೊಡನೆ ಸಮಭಾಗಿಯಾಗಿ ವಿನ್ಯಾಸದ ಹೊಣೆಯನ್ನು ಹೊತ್ತಿದ್ದಾರೆ. ಸ್ವರವನ್ನು ಬದಲಿಸುವುದು ಎಂಬ ಅರ್ಥದ ಶೀರ್ಷಿಕೆಯನ್ನು ಹೊತ್ತ ಈ ಸಂಗ್ರಹದಲ್ಲಿ ಅವರಿಬ್ಬರೂ ಉದ್ದೇಶಪೂರ್ವಕವಾಗಿ ಭಾರವನ್ನು ಇಳಿಸಿದ್ದರು. ಹಿಂದಿನ ವರ್ಷಗಳಲ್ಲಿ ಆಡಂಬರದ ರಂಗಸಜ್ಜಿಕೆಗಳನ್ನು ಕಂಡಿದ್ದ ಸಂಸ್ಥೆಯ ವಿಶಾಲವಾದ ಮಂದಿರವನ್ನು ಈ ಬಾರಿ ಬರಿದಾಗಿ ಬಿಟ್ಟು, ಕಾಂಕ್ರೀಟಿನ ನೆಲದ ಮೇಲೆ ಅಲ್ಲಲ್ಲಿ ಹೂವಿನ ಆಕಾರದ ಕಂಬಳಿಗಳನ್ನಷ್ಟೆ ಹಾಸಲಾಗಿತ್ತು. ತೊಡೆಯ ಮೇಲ್ಭಾಗದಲ್ಲಿಯೇ ನಿಲ್ಲುವ ಗಿಡ್ಡನೆಯ ಚಡ್ಡಿಗಳು, ಕ್ರೀಡಾಪಟುಗಳ ಷರಾಯಿಗಳು, ಅವುಗಳ ಜೊತೆಗೆ ಗಂಭೀರವಾದ ನಿಲುವಂಗಿಗಳು, ನಾರಿನ ಟೋಪಿಗಳು, ಇವೆಲ್ಲ ಒಂದರೊಡನೊಂದು ಹೊಂದದಂತೆ ತೋರಿಯೂ ಹೊಂದುವ ಹಾಗೆ ಜೋಡಣೆಗೊಂಡಿದ್ದವು. ಫ್ಯಾಷನ್ ವಿಮರ್ಶಕರ ಪ್ರಥಮ ಪ್ರತಿಕ್ರಿಯೆ ಬಹುಮಟ್ಟಿಗೆ ಈ ಲಾಘವವನ್ನು ಕುರಿತದ್ದು: ಗಂಡಸಿನ ಉಡುಪಿನಿಂದ ಅಧಿಕಾರದ ಬಿಗಿತವನ್ನು ತೆಗೆದುಹಾಕಿ ಸೌಮ್ಯತೆಯನ್ನು ತಂದರೆಂದು ಮೆಚ್ಚಿದವರು ಕೆಲವರು, ಆ ಗಿಡ್ಡ ಚಡ್ಡಿಗಳನ್ನು ಬೀದಿಯಲ್ಲಿ ತೊಡುವವರು ಯಾರೆಂದು ನಕ್ಕವರು ಕೆಲವರು. ಪಾದರಕ್ಷೆಯನ್ನು ಸಂಸ್ಥೆ ಕೇವಲ ತೊಗಲಿನ ಚಪ್ಪಲಿಯೆಂದು ಕರೆದು ಸುಮ್ಮನಾಗಿತ್ತು. ವಿಮರ್ಶಕರೂ ಅದನ್ನು ಹೆಚ್ಚಾಗಿ ವಿಚಾರಿಸಲಿಲ್ಲ.

ವಿಚಾರಿಸಿದವರು ಭಾರತದ ಜನ. ಚಿತ್ರಗಳು ಈ ನಾಡನ್ನು ತಲುಪಿದೊಡನೆಯೇ, ಉಂಗುಷ್ಠವೇನು, ಪಾದದ ಮೇಲೆ ಅಡ್ಡಹಾಯುವ ಪಟ್ಟಿಯೇನು, ಹೆಣೆದ ಜಡೆಯೇನು, ಬಣ್ಣ ಹಚ್ಚದ ತೊಗಲಿನ ಆ ಜೇನುಗಂದು ಛಾಯೆಯೇನು, ಇದು ನಮ್ಮ ಕೊಲ್ಹಾಪುರಿಯಲ್ಲದೆ ಬೇರೆಯಲ್ಲವೆಂದು ಗುರುತಿಸುವುದಕ್ಕೆ ಯಾರಿಗೂ ಪಾಂಡಿತ್ಯ ಬೇಕಾಗಲಿಲ್ಲ. ವಿನ್ಯಾಸಕಾರನು ಪರದೇಶದ ಒಂದು ಆಕಾರವನ್ನು ಕಂಡು, ಅದನ್ನು ತನ್ನ ಕಲ್ಪನೆಯಲ್ಲಿ ಕರಗಿಸಿ, ಮೂಲವು ಸುಳಿವಾಗಿಯಷ್ಟೆ ಉಳಿಯುವಂತೆ ಬೇರೊಂದನ್ನು ಸೃಷ್ಟಿಸಿದ್ದರೆ ಆಕ್ಷೇಪ ಇಷ್ಟು ಬಲವಾಗುತ್ತಿರಲಿಲ್ಲ. ಇಲ್ಲಿ ಮೂಲವೇ ಹೆಚ್ಚುಕಡಿಮೆ ಇದ್ದಂತೆಯೇ ನಡೆದುಬಂದಿತ್ತು. ಅದರ ಬೆನ್ನಿಗೆ ಬೆಲೆಯ ಮಾತೂ ಹಬ್ಬಿತು. ಸಂಸ್ಥೆ ಯಾವ ಬೆಲೆಯನ್ನೂ ಪ್ರಕಟಿಸಿರದಿದ್ದಾಗಲೂ ಜೊತೆಗೆ ಲಕ್ಷ ರೂಪಾಯಿಗೆ ಮೇಲ್ಪಟ್ಟೀತೆಂಬ ಅಂದಾಜು ಪತ್ರಿಕೆಗಳಲ್ಲಿ ಸಂಚರಿಸಿ, ಕೆಲವು ನೂರು ರೂಪಾಯಿಗೆ ಸಂತೆಯಲ್ಲಿ ಸಿಕ್ಕುವ ವಸ್ತುವಿನೊಡನೆ ಅದನ್ನು ಹೋಲಿಸಿದ ಜನರ ಕೋಪ ಇಮ್ಮಡಿಸಿತು. ಕೋಪದ ಜೊತೆಗೆ ವಿನೋದವೂ ಇತ್ತು: ತಮ್ಮ ಕಾಲಿನ ಹಳೆಯ ಕೊಲ್ಹಾಪುರಿಯ ಚಿತ್ರವನ್ನು ಪ್ರಕಟಿಸಿ ಅಸಲಿ ಇದೆಂದು ಸಾರಿದವರಲ್ಲಿ ಚಿತ್ರನಟಿ ಕರೀನಾ ಕಪೂರ್ ಕೂಡ ಒಬ್ಬರು.

ವಿನೋದದಿಂದ ವಿಷಯ ಬೇಗನೆ ವ್ಯವಹಾರಕ್ಕೆ ತಿರುಗಿತು. ಕೊಲ್ಹಾಪುರದ ಸಂಸದ ಧನಂಜಯ ಮಹಾಡಿಕ್ ಅವರು ಕುಶಲಕರ್ಮಿಗಳ ನಿಯೋಗವನ್ನು ಮುಖ್ಯಮಂತ್ರಿಗಳ ಬಳಿಗೆ ಕರೆದೊಯ್ದರು. ಮಹಾರಾಷ್ಟ್ರದ ವಾಣಿಜ್ಯ ಮಂಡಲಿಯ ಅಧ್ಯಕ್ಷರು ಪ್ರಾಡಾ ಸಂಸ್ಥೆಗೆ ಪತ್ರ ಬರೆದರು. ಪ್ರದರ್ಶನ ನಡೆದು ವಾರ ಕಳೆಯುವುದರೊಳಗೆ ಉತ್ತರ ಬಂದಿತು. ಮ್ಯೂಚಾ ಪ್ರಾಡಾ ಅವರ ಮಗನೂ ಸಂಸ್ಥೆಯ ಸಾಮಾಜಿಕ ಹೊಣೆಗಾರಿಕೆಯ ವಿಭಾಗದ ಮುಖ್ಯಸ್ಥನೂ ಆದ ಲೊರೆಂಜೊ ಬೆರ್ತೆಲ್ಲಿ, ಆ ಪಾದರಕ್ಷೆಗಳಿಗೆ ಶತಮಾನಗಳ ಪರಂಪರೆಯುಳ್ಳ ಭಾರತೀಯ ಕೈಗಾರಿಕೆಯೇ ಸ್ಫೂರ್ತಿಯೆಂದು ಒಪ್ಪಿಕೊಂಡು, ಸಂಗ್ರಹವಿನ್ನೂ ವಿನ್ಯಾಸದ ಹಂತದಲ್ಲಿದೆಯೆಂದೂ ಯಾವುದನ್ನು ತಯಾರಿಸಿ ಮಾರಬೇಕೆಂಬುದು ನಿರ್ಣಯವಾಗಿಲ್ಲವೆಂದೂ ತಿಳಿಸಿ, ಸ್ಥಳೀಯ ಕುಶಲಕರ್ಮಿಗಳೊಡನೆ ಮಾತುಕತೆಗೆ ಸಿದ್ಧತೆ ತೋರಿದರು. ಈ ಉತ್ತರ ವಿನಯಯುಕ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೇಳಿದ ಮೇಲೆ ಬಂದ ಕೃತಜ್ಞತೆಗೂ ಕೇಳದೆಯೇ ಸಂದ ಕೃತಜ್ಞತೆಗೂ ಇರುವ ಅಂತರ ಸಣ್ಣದಲ್ಲ. ಅಷ್ಟೇ ಅಲ್ಲದೆ, ಮೂಲದ ಹೆಸರನ್ನು ಹೇಳುವುದು ಈ ಸಂಸ್ಥೆಗೆ ಹೊಸ ವಿದ್ಯೆಯೇನೂ ಆಗಿರಲಿಲ್ಲ. 2010ರಲ್ಲಿ ಇದೇ ಪ್ರಾಡಾ ಸಂಸ್ಥೆ ಸ್ಕಾಟ್ಲೆಂಡಿನ ಕಿಲ್ಟ್, ಪೆರು ದೇಶದ ಅಲ್ಪಾಕಾ ಉಣ್ಣೆ, ಜಪಾನಿನ ಡೆನಿಮ್ ಮತ್ತು ಭಾರತದ ಚಿಕನ್ ಕಸೂತಿ, ಇವುಗಳನ್ನು ಆಯಾ ದೇಶಗಳಲ್ಲಿಯೇ ಮಾಡಿಸಿ, ಇಂಥಲ್ಲಿ ತಯಾರಾದುದೆಂದು ಚೀಟಿ ಹಚ್ಚಿ ಹೆಮ್ಮೆಯಿಂದ ಮಾರಿದ್ದಿತು. ಹದಿನೈದು ವರ್ಷಗಳ ಹಿಂದೆ ಚೆನ್ನಾಗಿ ಬಲ್ಲವರಾಗಿದ್ದ ಶಿಷ್ಟಾಚಾರವನ್ನು ಈಗ ಮರೆತದ್ದೇಕೆ ಎಂಬ ಪ್ರಶ್ನೆಯನ್ನು ಆಕ್ಷೇಪಕರು ಕೇಳಬಹುದಾಗಿತ್ತು.

ಇಷ್ಟುಹೊತ್ತಿಗೆ ಕರ್ನಾಟಕದ ಸ್ವರವೂ ಸೇರಿತು. ಎಲ್ಲರೂ ಕೊಲ್ಹಾಪುರವೊಂದನ್ನೇ ಹೆಸರಿಸುತ್ತಿದ್ದಾಗ, ಈ ಚಪ್ಪಲಿಯನ್ನು ಮಾಡುವ ಸಹಸ್ರಾರು ಕೈಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಡೆಗೂ ಇವೆಯೆಂಬುದನ್ನು ಸಚಿವ ಪ್ರಿಯಾಂಕ್ ಖರ್ಗೆಯವರು ಜ್ಞಾಪಿಸಿದರು. ಇದು ಪ್ರಾದೇಶಿಕ ಅಭಿಮಾನದ ಮಾತಷ್ಟೇ ಅಲ್ಲ, ದಾಖಲೆಯ ಮಾತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಪ್ರಸಿದ್ಧಿಗೆ ಬಂದ ಭೌಗೋಳಿಕ ಸೂಚಕದ ನೋಂದಣಿಯು ಎಂಟು ಜಿಲ್ಲೆಗಳಿಗೆ ಅನ್ವಯಿಸುತ್ತದೆ: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳು, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳು. ಅದರ ಒಡೆತನವು ಮಹಾರಾಷ್ಟ್ರದ ಲಿಡ್‌ಕಾಂ ಮತ್ತು ನಮ್ಮ ಲಿಡ್ಕರ್ ಎಂಬ ಎರಡು ಚರ್ಮೋದ್ಯೋಗ ನಿಗಮಗಳಲ್ಲಿ ಜಂಟಿಯಾಗಿ ನೆಲೆಸಿದೆ. ಬೆಳಗಾವಿಯ ಗಡಿಯನ್ನು ಕುರಿತು ದಶಕಗಳಿಂದಲೂ ವ್ಯಾಜ್ಯವಾಡುತ್ತ ಬಂದಿರುವ ಎರಡು ರಾಜ್ಯಗಳು ಒಂದು ಜೊತೆ ಚಪ್ಪಲಿಯ ವಿಷಯದಲ್ಲಿ ಒಂದೇ ಪತ್ರಕ್ಕೆ ಸಹಿ ಹಾಕಿರುವುದು ಸ್ವಾರಸ್ಯವಾದ ಸಂಗತಿಯೇ ಸರಿ. ವಾಸ್ತವವಾಗಿ ಕಸುಬಿಗೆ ಆ ಗಡಿ ಎಂದೂ ಇರಲಿಲ್ಲ. ತನ್ನ ಅರಸರಾದ ಶಾಹು ಮಹಾರಾಜರ ಪ್ರೋತ್ಸಾಹದಿಂದ ಬೆಳೆದ ಕೊಲ್ಹಾಪುರವು ಪೇಟೆಯಾಯಿತು. ಸುತ್ತಲಿನ ಕನ್ನಡ-ಮರಾಠಿ ಹಳ್ಳಿಗಳಲ್ಲಿ ಹುಟ್ಟಿದ ಮಾಲಿಗೆ ಆ ಪೇಟೆಯ ಹೆಸರೇ ನಿಂತಿತು. ಹೀಗೆ ಅಥಣಿಯ ಕೈಕೆಲಸವು ಕೊಲ್ಹಾಪುರದ ಹೆಸರಿನಲ್ಲಿ ಮಾರಾಟವಾದುದು, ಮಿಲಾನಿನವರು ಇದರಲ್ಲಿ ಕೈಯಿಡುವುದಕ್ಕೆ ಬಹಳ ಮುಂಚೆಯೇ ನಡೆದುಹೋದ ಚರಿತ್ರೆ.

ಆ ಕೈಕೆಲಸ ಎಂಥದು ಎಂಬುದನ್ನು ತಿಳಿಯದೆ ಈ ವಿವಾದದ ತೂಕ ತಿಳಿಯದು. ಎಮ್ಮೆಯ ಅಥವಾ ಎತ್ತಿನ ಹಸಿ ತೊಗಲನ್ನು ತೊಳೆದು, ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲನ್ನೂ ಮಾಂಸದ ಪೊರೆಯನ್ನೂ ಹೆರೆದು ತೆಗೆದ ಮೇಲೆ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ಕಷಾಯದಲ್ಲಿ ಅದನ್ನು ಹದಗೊಳಿಸುತ್ತಾರೆ. ಹಳೆಯ ಕ್ರಮದಲ್ಲಿ ತೊಗಲನ್ನೇ ಚೀಲದಂತೆ ಹೊಲಿದು ತೂಗುಹಾಕಿ, ಕಷಾಯವನ್ನು ಅದರೊಳಗೇ ತುಂಬಿ, ಒಸರಿದುದನ್ನು ಮತ್ತೆ ಮೇಲಕ್ಕೆ ಸುರಿಯುತ್ತ ದಿನಗಟ್ಟಲೆ ಕಾಯುವುದುಂಟು. ರಾಸಾಯನಿಕ ಕ್ರೋಮಿಯಮ್ಮಿನಿಂದ ಒಂದೆರಡು ದಿವಸಗಳಲ್ಲಿ ಮುಗಿಯುವ ಕಾರ್ಯವು ಇಲ್ಲಿ ವಾರಗಳನ್ನು ಹಿಡಿಯುತ್ತದೆ. ಬಳಿಕ ರಂಪಿಗೆಯಿಂದ ಅಟ್ಟೆಯನ್ನು ಕತ್ತರಿಸುವುದು, ಹಿಮ್ಮಡಿಯನ್ನು ಕೂಡಿಸುವುದು, ಅಂಚಿಗೆ ಎರಡು ಕಡೆಯೂ ಕಿವಿಗಳನ್ನು ತೂರಿಸುವುದು, ಪಟ್ಟಿಯನ್ನೂ ಉಂಗುಷ್ಠವನ್ನೂ ಅಳವಡಿಸುವುದು. ಮೊಳೆಯನ್ನು ಮುಟ್ಟದೆ ತೊಗಲನ್ನು ತೊಗಲಿನ ದಾರದಿಂದಲೇ ಹೊಲಿಯುವುದು ಇದರ ಹಿರಿಮೆ. ಬಿರುಸು ಕೆಲಸವನ್ನು ಗಂಡಸರು ಮಾಡಿದರೆ, ಕೂದಲೆಳೆಯಂತೆ ಸೀಳಿದ ತೊಗಲಿನ ಎಳೆಗಳಿಂದ ಜಡೆ ಹೆಣೆಯುವ ಮತ್ತು ಹೊಲಿಗೆಯ ಸೂಕ್ಷ್ಮ ಕೆಲಸ ಬಹುಮಟ್ಟಿಗೆ ಹೆಂಗಸರದು. ಅಥಣಿಯ ಈ ಹೆಂಗಸರನ್ನೇ ಸ್ವಸಹಾಯ ಸಂಘಗಳಾಗಿ ಕೂಡಿಸಿ, ಟೋಹೋಲ್ಡ್ ಎಂಬ ಹೆಸರಿನಲ್ಲಿ ಅವರ ಚಪ್ಪಲಿಗಳನ್ನು ಹೊರದೇಶಗಳಿಗೆ ಕಳುಹಿಸಿದ ಪ್ರಯತ್ನವು ಈ ಶತಮಾನದ ಆದಿಯಲ್ಲಿಯೇ ನಡೆದಿತ್ತು. ಆದುದರಿಂದ ಪರದೇಶದ ಕೊಳ್ಳುಗನು ಅಥಣಿಗೆ ಅಪರಿಚಿತನಲ್ಲ.

ಪ್ರಾಡಾದ ಪರವಾಗಿ, ಅಥವಾ ಕೋಪ ಅನಾವಶ್ಯಕವೆಂಬ ಪಕ್ಷದಲ್ಲಿ ಮಾತನಾಡಿದವರೂ ಇದ್ದರು. ಅವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಉಡುಪಿನ ಚರಿತ್ರೆಯೇ ಎರವಲಿನ ಚರಿತ್ರೆ. ಇಂಗ್ಲಿಷರ ಪೈಜಾಮ, ಶಾಲುಗಳು ಈ ಕಡೆಯಿಂದ ಹೋದವು, ನಮ್ಮ ಕೋಟು, ಷರಾಯಿಗಳು ಆ ಕಡೆಯಿಂದ ಬಂದವು. ಎರವಲನ್ನೇ ಅಪರಾಧವೆಂದರೆ ಯಾವ ದೇಶದವನೂ ಮೈಮುಚ್ಚುವಂತಿಲ್ಲ. ಪರದೇಶದ ಪ್ರಖ್ಯಾತಿಯಿಂದ ಮೂಲದ ವಸ್ತುವಿಗೆ ಬೇಡಿಕೆ ಹೆಚ್ಚುವುದಾದರೆ ಅದು ಉಪಕಾರವೇ ತಾನೆ, ಎಂದೂ ಅವರು ಕೇಳಿದರು. ಆ ದಿನಗಳಲ್ಲಿ ಕೊಲ್ಹಾಪುರಿಯ ಮಾರಾಟಗಾರರಲ್ಲಿ ಕೆಲವರು ಹೊಸ ಗಿರಾಕಿಗಳನ್ನು ಕಂಡುದೂ ನಿಜ. ಇದಕ್ಕೆ ಸಮಾಧಾನ ಹಿಂದಿನ ನಿದರ್ಶನಗಳಿಂದ ದೊರೆಯುತ್ತದೆ. 2014ರಲ್ಲಿ ಇಂಗ್ಲೆಂಡಿನ ಪಾಲ್ ಸ್ಮಿತ್ ಪೇಶಾವರದ ಗಂಡಸರ ಚಪ್ಪಲಿಯನ್ನು ಹೋಲುವ ಪಾದರಕ್ಷೆಯನ್ನು ಮುನ್ನೂರು ಪೌಂಡಿಗೆ ಮಾರಾಟಕ್ಕಿಟ್ಟಾಗ ಪಾಕಿಸ್ತಾನದವರು ಪ್ರತಿಭಟಿಸಿದರು; ಅದು ಪೇಶಾವರಿಯಿಂದ ಸ್ಫೂರ್ತಿ ಪಡೆದುದೆಂದು ವಿವರಣೆಯಲ್ಲಿ ಸೇರಿಸಿದೊಡನೆ ಪ್ರತಿಭಟನೆ ಶಮನವಾಯಿತು. ಪ್ರಾಡಾ ಪ್ರಕರಣದ ಕೆಲವೇ ವಾರಗಳ ಅನಂತರ, ಅಡಿದಾಸ್ ಸಂಸ್ಥೆ ಮೆಕ್ಸಿಕೊದ ಯಲಾಲಗ್ ಎಂಬ ಗ್ರಾಮದ ಹುವಾರಾಚೆ ಚಪ್ಪಲಿಯನ್ನು ಅನುಕರಿಸಿದ ದೂರಿಗೆ ಒಳಗಾಗಿ, ತನ್ನ ಪ್ರತಿನಿಧಿಯನ್ನು ಆ ಗ್ರಾಮಕ್ಕೇ ಕಳುಹಿಸಿ ಜನರ ಮುಂದೆ ಕ್ಷಮೆ ಕೇಳಿತು. ಇದಕ್ಕಿಂತ ಹೆಚ್ಚು ಬೋಧಪ್ರದವಾದುದು ಪ್ರಾಡಾ ಪ್ರದರ್ಶನದ ಎರಡು ದಿನಗಳ ಬಳಿಕ ಪ್ಯಾರಿಸ್ಸಿನಲ್ಲಿ ನಡೆದ ಲೂಯಿ ವಿಟಾನ್ ಸಂಸ್ಥೆಯ ಪುರುಷ ಉಡುಪುಗಳ ಪ್ರದರ್ಶನ. ಅಲ್ಲಿಯ ವಿನ್ಯಾಸಕಾರ ಫ್ಯಾರೆಲ್ ವಿಲಿಯಮ್ಸ್ ಕೂಡ ಭಾರತದಿಂದ ತೆಗೆದುಕೊಂಡವರೇ, ಆದರೆ ಅವರು ಭಾರತದ ಹೆಸರನ್ನು ಬಹಿರಂಗವಾಗಿ ಸಾರಿದರು, ಮುಂಬಯಿಯ ವಾಸ್ತುಶಿಲ್ಪಿ ಬಿಜೋಯ್ ಜೈನ್ ಅವರಿಂದ ನಮ್ಮ ಪರಮಪದ ಸೋಪಾನದ ಪಟವನ್ನೇ ವೇದಿಕೆಯಾಗಿ ಮಾಡಿಸಿದರು, ಸಂಗೀತದಲ್ಲಿ ಎ.ಆರ್. ರೆಹಮಾನರನ್ನು ಕೂಡಿಸಿಕೊಂಡರು. ಅಲ್ಲಿಯೂ ಎರವಲಿತ್ತು, ಅದರ ಮೇಲೆ ಜಗಳವಾಗಲಿಲ್ಲ. ಜನರ ಮನಸ್ಸಿಗೆ ನೋವಾದುದು ಎರವಲಿನಿಂದಲ್ಲ, ಎರವಲನ್ನು ಒಪ್ಪಿಕೊಳ್ಳದ ಮೌನದಿಂದ ಎಂಬುದು ಈ ಎರಡು ಪ್ರದರ್ಶನಗಳನ್ನು ಜೊತೆಗಿಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ.

ನ್ಯಾಯಶಾಸ್ತ್ರದ ದೃಷ್ಟಿಯಿಂದ ನೋಡಿದರಾದರೋ ಸಮಸ್ಯೆಗೆ ವಿಚಿತ್ರವಾದ ಒಂದು ಗಂಟು ಬೀಳುತ್ತದೆ. ಭೌಗೋಳಿಕ ಸೂಚಕಗಳನ್ನು ಕುರಿತ ನಮ್ಮ 1999ರ ಅಧಿನಿಯಮವು ಮುಖ್ಯವಾಗಿ ರಕ್ಷಿಸುವುದು ಹೆಸರನ್ನು. ಇಂಥ ಸ್ಥಳದ್ದಲ್ಲದ ಮಾಲನ್ನು ಇಂಥ ಸ್ಥಳದ್ದೆಂದು ಜನರನ್ನು ನಂಬಿಸಿ ಮಾರುವುದನ್ನು ಅದು ತಡೆಯುತ್ತದೆ. ಪ್ರಾಡಾ ಸಂಸ್ಥೆ ಆಕಾರವನ್ನು ತೆಗೆದುಕೊಂಡು ಹೆಸರನ್ನು ಬಿಟ್ಟಿತು. ಇಟಲಿಯಲ್ಲಿ ಮಾಡಿದ ಚಪ್ಪಲಿಗೆ ಕೊಲ್ಹಾಪುರಿಯೆಂಬ ಹೆಸರಿಟ್ಟು ಇಲ್ಲಿ ಮಾರಿದ್ದರೆ ಕಾನೂನಿನ ಕೈಗೆ ಸಿಕ್ಕಬಹುದಾಗಿತ್ತು. ಹೆಸರು ಹೇಳದಿದ್ದುದರಿಂದ ಕಾನೂನಿಗೆ ಸಿಕ್ಕದೆ ಧರ್ಮಕ್ಕೆ ಸಿಕ್ಕಿಬಿದ್ದಿತು. ಆಕಾರದ ರಕ್ಷಣೆಗೆ ಇರುವ ವಿನ್ಯಾಸ ಕಾನೂನು ಹೊಸತನವನ್ನು ಅಪೇಕ್ಷಿಸುತ್ತದೆ. ನೂರಾರು ವರ್ಷಗಳಿಂದ ಅನಾಮಧೇಯ ಕೈಗಳು ತಿದ್ದುತ್ತ ಬಂದ ಆಕಾರಕ್ಕೆ ಹೊಸತನವೆಲ್ಲಿಯದು? ಇದರ ಮೇಲೆ ನಮ್ಮ ನೋಂದಣಿಯ ಅಧಿಕಾರ ಈ ದೇಶದ ಎಲ್ಲೆಯಲ್ಲಿ ಮುಗಿಯುತ್ತದೆ. ಯುರೋಪಿನ ಒಕ್ಕೂಟದಲ್ಲಿ ಕರಕುಶಲ ವಸ್ತುಗಳ ಭೌಗೋಳಿಕ ಹೆಸರುಗಳಿಗೆ ರಕ್ಷಣೆ ನೀಡುವ ನಿಯಮವು 2025ರ ಡಿಸೆಂಬರಿನಿಂದಷ್ಟೆ ಅನ್ವಯವಾಗತೊಡಗಿತು. ಕ್ಷಮಾಪಣೆಯನ್ನೂ ಪರಿಹಾರವನ್ನೂ ಕೋರಿ ಕೆಲವು ವಕೀಲರು ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಮುಂಬಯಿ ಉಚ್ಚ ನ್ಯಾಯಾಲಯವು ಜುಲೈ ತಿಂಗಳಲ್ಲಿ ತಿರಸ್ಕರಿಸಿದುದು, ನೊಂದವರು ನೋಂದಣಿಯ ಒಡೆಯರಾದ ನಿಗಮಗಳೇ ಹೊರತು ಅರ್ಜಿದಾರರಲ್ಲ, ಬೇಕಾದರೆ ಅವರೇ ಬರಬಹುದು ಎಂಬ ಕಾರಣದಿಂದ. ಆ ನಿರ್ಣಯ ಕಾನೂನಿಗೆ ಅನುಸಾರವಾದುದು. ಕಸುಬಿನವನ ಪರವಾಗಿ ನಿಲ್ಲಬೇಕಾದವರು ಯಾರು ಎಂಬುದನ್ನೂ ಅದು ಎತ್ತಿ ತೋರಿಸಿತು.

ಇಲ್ಲಿ, ಈ ಎಲ್ಲ ಗದ್ದಲದಲ್ಲಿ ಅತ್ಯಲ್ಪವಾಗಿ ಕೇಳಿಬಂದ ಸ್ವರದ ಕಡೆಗೆ ಬರುತ್ತೇವೆ. ನಮ್ಮ ಪರಂಪರೆ, ನಮ್ಮ ಸಂಸ್ಕೃತಿ ಎಂದು ಅಭಿಮಾನಪಟ್ಟವರಲ್ಲಿ ಬಹುಜನರು ಆ ಚಪ್ಪಲಿಯನ್ನು ಮೆಟ್ಟಿದವರು, ಮಾಡಿದವರಲ್ಲ. ಮಾಡಿದವರು ಸಮಗಾರರು, ತೊಗಲನ್ನು ಹದಮಾಡಿದವರು ಢೋರರು, ಊರಿನ ಅಂಚಿನಲ್ಲಿ ಮನೆ ಕಟ್ಟಿಕೊಳ್ಳಬೇಕೆಂಬ ಕಟ್ಟಿಗೆ ಒಳಗಾಗಿ, ತಾವು ಹೊಲಿದ ಚಪ್ಪಲಿಯನ್ನು ಮೆಟ್ಟಿಕೊಂಡು ಮೇಲುಜಾತಿಯವರ ಬೀದಿಯಲ್ಲಿ ನಡೆಯುವ ಸ್ವಾತಂತ್ರ್ಯವೂ ಇಲ್ಲದೆ ಎಷ್ಟೋ ತಲೆಮಾರು ಬದುಕಿದವರು. ಕನ್ನಡ ನಾಡಿನಲ್ಲಿ ಈ ಕಸುಬನ್ನು ಗೌರವದಿಂದ ಕಂಡ ಕಾಲವೊಂದಿತ್ತೆಂಬುದಕ್ಕೆ ಕಲ್ಯಾಣದ ಶರಣರು ಸಾಕ್ಷಿ. ತಾನು ಸಲ್ಲಿಸಿದ ಒಂದು ಶರಣಿಗೆ ಬಸವಣ್ಣನಿಂದ ಎರಡು ಶರಣು ಬಂದಿತೆಂಬ ಋಣವನ್ನು ತಾಳಲಾರದೆ, ಸಮಗಾರ ಹರಳಯ್ಯನೂ ಅವನ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆಗಳನ್ನು ಮಾಡಿ ಒಪ್ಪಿಸಿದರೆಂದೂ, ಅವನ್ನು ಬಸವಣ್ಣನು ಮೆಟ್ಟದೆ ತಲೆಯ ಮೇಲೆ ಇಟ್ಟುಕೊಂಡನೆಂದೂ ಕಥೆ ಹೇಳುತ್ತದೆ. ಆ ಹರಳಯ್ಯನ ಮಗನಿಗೆ ಮೇಲುಜಾತಿಯ ಹೆಣ್ಣನ್ನು ತಂದಾಗ ಸಮಾಜ ಕೊಟ್ಟ ಉತ್ತರವೇನೆಂಬುದೂ ಅದೇ ಕಥೆಯಲ್ಲಿದೆ. ಒಂದು ಹೆಚ್ಚಿನ ನಮಸ್ಕಾರವನ್ನೂ ಋಣವೆಂದೆಣಿಸಿದ ಸಮಗಾರನೆಲ್ಲಿ, ಅವನ ವಂಶದ ಕೈಕೆಲಸದ ಋಣವನ್ನು ಎಂಟು ಶತಮಾನ ಲೆಕ್ಕಕ್ಕೇ ಹಿಡಿಯದ ನಾವೆಲ್ಲಿ!

ಇಂದಿನ ಸ್ಥಿತಿಯನ್ನು ನೋಡಿದರೂ ಲೆಕ್ಕ ನಮ್ಮ ಕಡೆಗೆ ಹಗುರವಾಗಿಲ್ಲ. ಕೊಲ್ಹಾಪುರಿಯ ಹೆಸರಿನಲ್ಲಿ ರೆಕ್ಸಿನ್ ಮತ್ತು ರಬ್ಬರಿನ ನಕಲುಗಳು ಪ್ರತಿಯೊಂದು ಊರಿನ ರಸ್ತೆಬದಿಯಲ್ಲಿಯೂ ಸಾಲುಸಾಲಾಗಿ ತೂಗುತ್ತವೆ. ಇವು ಆಕಾರವನ್ನೂ ಕದ್ದವು, ಹೆಸರನ್ನೂ ಕದ್ದವು. ಆದರೂ ಇವುಗಳ ಮೇಲೆ ಯಾವ ನಿಯೋಗವೂ ಹೊರಟಿಲ್ಲ. ಮಹಾರಾಷ್ಟ್ರದಲ್ಲಿ 2015ರಲ್ಲಿಯೂ ಕರ್ನಾಟಕದಲ್ಲಿ 2021ರಲ್ಲಿಯೂ ಬಂದ ಗೋಹತ್ಯಾ ನಿಷೇಧದ ಕಾನೂನುಗಳ ಗುಣದೋಷ ಏನೇ ಇರಲಿ, ಎತ್ತಿನ ತೊಗಲು ದುರ್ಲಭವಾಗಿ ದುಬಾರಿಯಾಯಿತೆಂಬುದು ಕಸುಬಿನವರ ದೂರು. ಸಾವಿರ ರೂಪಾಯಿಯ ಒಳಗಿನ ಪಾದರಕ್ಷೆಗಳ ಮೇಲಿನ ತೆರಿಗೆಯನ್ನು 2022ರಲ್ಲಿ ಶೇಕಡ 5ರಿಂದ 12ಕ್ಕೆ ಏರಿಸಿ, ಮರಳಿ 5ಕ್ಕೆ ಇಳಿಸಿದುದು 2025ರ ಸೆಪ್ಟೆಂಬರಿನಲ್ಲಿ. ಅಂಗಡಿಯಲ್ಲಿ ಕುಳಿತು ನೂರು ರೂಪಾಯಿ ಕಡಿಮೆ ಮಾಡೆಂದು ಹಟಹಿಡಿಯುವ ಗಿರಾಕಿ, ಅದೇ ಸಂಜೆ ಪ್ರಾಡಾದ ದುರಾಶೆಯನ್ನು ಖಂಡಿಸಿ ಮಾತನಾಡಿರಲೂಬಹುದು. ಹೀಗಿರುವಾಗ ಅಪ್ಪನ ಕಸುಬನ್ನು ಮಗ ಹಿಡಿಯಲಿಲ್ಲವೆಂದರೆ ಅದರಲ್ಲಿ ಆಶ್ಚರ್ಯವೇನು?

ವಿವಾದವು ಪತ್ರವ್ಯವಹಾರದಲ್ಲಿಯೇ ಮುಗಿಯಲಿಲ್ಲವೆಂಬುದು ಸಂತೋಷದ ಸಂಗತಿ. ಜುಲೈ ತಿಂಗಳಲ್ಲಿ ಪ್ರಾಡಾದ ತಜ್ಞರು ಕೊಲ್ಹಾಪುರಕ್ಕೆ ಬಂದು ಕೆಲಸದ ಮನೆಗಳನ್ನು ನೋಡಿದರು; ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಲಿಡ್‌ಕಾಂ ಮತ್ತು ಲಿಡ್ಕರ್‌ಗಳೊಡನೆ ಒಡಂಬಡಿಕೆಗೆ ಸಹಿ ಬಿದ್ದಿತು. ಕೊಲ್ಹಾಪುರಿಯ ಸ್ಫೂರ್ತಿಯನ್ನು ಹೆಸರಿಟ್ಟು ಹೇಳುವ ಎರಡು ಸಾವಿರ ಜೊತೆಗಳನ್ನು ಮಹಾರಾಷ್ಟ್ರ, ಕರ್ನಾಟಕಗಳಲ್ಲಿಯೇ ಮಾಡಿಸಿ, ಜೊತೆಗೆ ಸುಮಾರು 800 ಯೂರೋಗಳಂತೆ ಲೋಕದ ನಲವತ್ತು ಅಂಗಡಿಗಳಲ್ಲಿ ಮಾರುವುದು, ಕುಶಲಕರ್ಮಿಗಳಿಗೆ ಮೂರು ವರ್ಷಗಳ ಕಾಲ ತರಬೇತಿಯ ಏರ್ಪಾಡು ಮಾಡುವುದು ಎಂಬ ಯೋಜನೆ ಪ್ರಕಟವಾಯಿತು. ಎಂಟು ಜಿಲ್ಲೆಗಳ ಕಸುಬಿನ ಮುಂದೆ ಎರಡು ಸಾವಿರ ಜೊತೆ ದೊಡ್ಡ ಸಂಖ್ಯೆಯಲ್ಲ. ಅವೆಲ್ಲ ಮಾರಾಟವಾದರೂ ಬರುವ 16 ಲಕ್ಷ ಯೂರೋಗಳು, 2024ರಲ್ಲಿ 540 ಕೋಟಿ ಯೂರೋಗಳಷ್ಟು ವರಮಾನವನ್ನು ಕಂಡ ಸಂಸ್ಥೆಗೆ ಮೂರು ಸಾವಿರದಲ್ಲಿ ಒಂದು ಪಾಲೂ ಆಗವು. ಆದರೂ ಪಾಲ್ ಸ್ಮಿತ್ ಪ್ರಕರಣದಲ್ಲಿ ಒಂದು ವಾಕ್ಯದ ತಿದ್ದುಪಡಿಗೆ ನಿಂತುಹೋದ ನ್ಯಾಯವು ಇಲ್ಲಿ ಕೆಲಸ ಮತ್ತು ಕೂಲಿಯವರೆಗೆ ನಡೆದುಬಂದಿದೆಯೆಂಬುದನ್ನು ಅಲ್ಲಗಳೆಯಬಾರದು. ಜನರ ಕೋಪವಿಲ್ಲದಿದ್ದರೆ ಅದು ಅಷ್ಟು ದೂರ ಬರುತ್ತಿರಲಿಲ್ಲವೆಂಬುದನ್ನೂ ಒಪ್ಪತಕ್ಕದ್ದು.

ಒಟ್ಟಿನ ಮೇಲೆ, ವಿಮರ್ಶಕರು ಉಡುಪನ್ನು ನೋಡಿ ಕಾಲನ್ನು ನೋಡಲಿಲ್ಲ. ಜನರು ಕಾಲನ್ನು ನೋಡಿ ಕೈಯನ್ನು ನೋಡಲಿಲ್ಲ. ಸರ್ಕಾರಗಳು ಹಕ್ಕನ್ನು ಸಾರಿ ಹೊಣೆಯನ್ನು ಅಷ್ಟಾಗಿ ಸಾರಲಿಲ್ಲ. ಪ್ರಾಡಾ ಸಂಸ್ಥೆ ಹೆಸರಿನ ಋಣವನ್ನು ತಡವಾಗಿಯಾದರೂ ಒಪ್ಪಿಕೊಂಡಿತು. ಅದಕ್ಕಿಂತ ಹಿರಿದಾದುದು ದುಡಿಮೆಯ ಋಣ. ಅದು ತೀರಿತೆಂದು ತಿಳಿಯಬೇಕಾದರೆ ಕೇಳಬೇಕಾದ ಪ್ರಶ್ನೆಗಳು ಸರಳವಾದವು: ಎಂಟುನೂರು ಯೂರೋಗಳಲ್ಲಿ ಜಡೆ ಹೆಣೆದವಳಿಗೆ ಸಂದುದೆಷ್ಟು? ಫ್ಯಾಷನ್ ಬದಲಾದ ಮೇಲೆಯೂ ಅವಳಿಗೆ ಕೆಲಸ ಉಂಟೋ? ಅಥಣಿಯ ಹೆಸರು ಚೀಟಿಯ ಮೇಲೆ ಎಲ್ಲಿಯಾದರೂ ಬಂದೀತೋ? ಇವಕ್ಕೆ ಉತ್ತರವನ್ನು ಬಯಲಿಗಿಡುವಂತೆ ಆಗ್ರಹಿಸುವುದು ಒಡಂಬಡಿಕೆಗೆ ಸಹಿ ಹಾಕಿದ ನಮ್ಮ ನಿಗಮಗಳ ಮೊದಲ ಕರ್ತವ್ಯ. ಪರದೇಶದ ಅಂಗಡಿಯನ್ನು ಈ ಲೆಕ್ಕ ಕೇಳುವ ಅಧಿಕಾರ ನಮಗೆ ಪೂರ್ಣವಾಗಿ ಬರುವುದು, ನಮ್ಮ ಊರಿನ ಅಂಗಡಿಯಲ್ಲಿ ನಾವು ಕೊಡುವ ಬೆಲೆಯೂ ಅದೇ ಲೆಕ್ಕದಲ್ಲಿ ಸರಿದೂಗಿದಾಗ.